ಹಾಲು ಕಾಯಿಸಿ ಕಾಯುತ್ತಿರು

ಕಳೆದ ಫೆಬ್ರುವರಿಯ ಒಂದು ಸಂಜೆ, ಸಂಜೆಯೆಂದರೆ ಗಡಿಯಾರದ ಲೆಕ್ಕಕ್ಕೆ ಸಂಜೆಯೇ ಹೊರತು ಆಕಾಶದ ಲೆಕ್ಕಕ್ಕೆ ಕತ್ತಲಾಗಿ ಒಂದು ಗಂಟೆಯ ಮೇಲಾಗಿತ್ತು, ಓಸ್ಲೋ ನಗರದ ಟ್ರಾಮಿನ ಕಿಟಕಿಗೆ ತಲೆಯಾನಿಸಿ ಕುಳಿತಿದ್ದ ನನ್ನ ಕಿವಿಗೆ ಹಿಂದಿನ ಆಸನದಿಂದ ಕನ್ನಡದ ದನಿಯೊಂದು ಬಿದ್ದಿತು. ತರುಣಿಯೊಬ್ಬಳು ಫೋನಿನಲ್ಲಿ ಮನೆಯವರೊಡನೆ ಮಾತನಾಡುತ್ತಿದ್ದಳು: “ಹಾಲು ಹೀಟ್ ಮಾಡಿ ಇಟ್ಟಿರು, ಹತ್ತು ನಿಮಿಷ ವೆಯ್ಟ್ ಮಾಡು, ಬಂದೇಬಿಟ್ಟೆ.” ಪರದೇಶದ ಹಿಮದ ನಡುವೆ ತಾಯ್ನುಡಿ ಹೀಗೆ ಅಕಸ್ಮಾತ್ತಾಗಿ ಕೇಳಿಬಂದಾಗ ಎದೆ ತುಂಬಿ ಬರುವುದು ಸಹಜ, ನನಗೂ ತುಂಬಿ ಬಂದಿತು. ಆದರೆ ಮರುಕ್ಷಣವೇ ಆ ಸಂತೋಷದೊಳಗೆ ಸಣ್ಣದೊಂದು ಮುಳ್ಳು ಮುರಿದುಕೊಂಡಂತಾಯಿತು. ಪರಭಾಷೆಯ ಮಾತು ಬೆರೆಯಿತೆಂಬುದಲ್ಲ ನನ್ನ ವ್ಯಥೆ. ಟ್ರಾಮು, ಟಿಕೆಟು, ಫೋನು ಎಂದು ನಾನೂ ಆಡುತ್ತೇನೆ, ಅವು ಬಂದ ಮೇಲೆ ಭಾಷೆಗೆ ಲಾಭವೇ ಆಗಿದೆ. ನನ್ನನ್ನು ನೋಯಿಸಿದುದು ಬೇರೆ. ಆ ತರುಣಿ ಎರಡು ಶಬ್ದಗಳನ್ನು ಸಾಲ ತಂದ ಎರಡು ಸ್ಥಾನಗಳಲ್ಲಿಯೂ ನಮ್ಮಜ್ಜಿ ಮನೆಯದೇ ಆದ ಒಂದೇ ಶಬ್ದವನ್ನು ಆಡುತ್ತಿದ್ದರು: “ಹಾಲು ಕಾಯಿಸಿ ಕಾಯುತ್ತಿರು, ಬಂದೆ.”

ನಿಘಂಟುಕಾರರು ಈ ‘ಕಾಯು’ ಎಂಬುದನ್ನು ಬೇರೆಬೇರೆ ನಮೂದುಗಳಲ್ಲಿ ಹಂಚಿಡುತ್ತಾರೆ: ರಕ್ಷಿಸುವುದು, ನಿರೀಕ್ಷಿಸುವುದು ಒಂದೆಡೆ, ಬಿಸಿಯಾಗುವುದು ಇನ್ನೊಂದೆಡೆ. ಅವರ ಪಾಂಡಿತ್ಯಕ್ಕೆ ಕೈ ಮುಗಿದು, ಅವರೊಡನೆ ವಾದಕ್ಕಿಳಿಯದೆ, ನನ್ನ ನಂಬಿಕೆಯನ್ನು ಮಾತ್ರ ಹೇಳಿಬಿಡುತ್ತೇನೆ. ಈ ಅರ್ಥಗಳೆಲ್ಲ ಒಂದೇ ಬೆಂಕಿಯ ಮುಂದೆ, ಒಂದೇ ರಾತ್ರಿ ಹುಟ್ಟಿದವು. ಬೆಳೆದು ನಿಂತ ಪೈರಿನ ನಡುವೆ ಅಟ್ಟಣೆ ಕಟ್ಟಿ, ಅದರ ಬುಡದಲ್ಲಿ ಒಂದು ಕೊರಡನ್ನು ಹೊತ್ತಿಸಿ, ಕಾಡುಹಂದಿ ನುಗ್ಗೀತೆಂದು ಕಿವಿ ನಿಮಿರಿಸಿಕೊಂಡು ಕುಳಿತಿರುವ ರೈತನನ್ನು ನೆನೆಯಿರಿ. ಅವನು ಪೈರು ಕಾಯುತ್ತಿದ್ದಾನೆ, ಚಳಿ ಕಾಯಿಸುತ್ತಿದ್ದಾನೆ, ಬೆಳಗಾಗುವುದನ್ನು ಕಾಯುತ್ತಿದ್ದಾನೆ. ಅವನಿಗೆ ಇವು ಮೂರು ಕೆಲಸಗಳಾಗಿರಲಿಲ್ಲ. ಒಂದೇ ಕೆಲಸಕ್ಕೆ ಮೂರು ಹೆಸರು ಏತಕ್ಕೆ? ಕಾವಲು ಎಂಬ ಮಾತಿಗೂ ದೋಸೆಯ ಕಾವಲಿ ಎಂಬ ಮಾತಿಗೂ ನಡುವೆ ಒಂದು ಸ್ವರದಷ್ಟೇ ಅಂತರವಿರುವುದನ್ನು ಕಂಡಾಗ ನನ್ನ ನಂಬಿಕೆ ಇನ್ನಷ್ಟು ಬಲಿಯುತ್ತದೆ. ಕಾಪು ಎಂದರೆ ರಕ್ಷಣೆ. ಆ ಹೆಸರಿನ ನಮ್ಮ ಕರಾವಳಿಯ ಊರಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವೂ ಬೆಳಕನ್ನು ಉರಿಸಿ ದೋಣಿಗಳನ್ನು ಕಾಯುವ ಕೆಲಸವನ್ನೇ ಮಾಡುತ್ತಿದೆ. ಕಾದಾಟದ ‘ಕಾದು’ವನ್ನು ಮಾತ್ರ ನಾನು ಇಲ್ಲಿಗೆ ಎಳೆಯುವುದಿಲ್ಲ, ಅದರ ಜಗಳ ಅದಕ್ಕಿರಲಿ.

ಸಂದೇಹವುಳ್ಳವರು ಕಾವಿಗೆ ಕುಳಿತ ಕೋಳಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಇಪ್ಪತ್ತೊಂದು ದಿನ ಅದು ಬುಟ್ಟಿಯಲ್ಲಿ ರೆಕ್ಕೆ ಹರಡಿ ಕುಳಿತಿರುತ್ತದೆ. ಮೊಟ್ಟೆಗಳಿಗೆ ಕಾವು ಕೊಡುತ್ತಿದೆಯೋ, ಅವನ್ನು ಕಾಯುತ್ತಿದೆಯೋ, ಮರಿಗಳಿಗಾಗಿ ಕಾಯುತ್ತಿದೆಯೋ ಎಂದು ಯಾವ ವೈಯಾಕರಣನು ಬಿಡಿಸಿ ಹೇಳಬಲ್ಲನು? ಜ್ವರದಲ್ಲಿ ಮೈ ಕಾದ ಮಗುವಿನ ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ಕಾದು ಕುಳಿತ ತಾಯಿಯ ವಿಷಯದಲ್ಲಿ ಎರಡು ಸಲ ಬಂದ ಈ ಶಬ್ದವು ಕಿವಿಗೆ ಪುನರುಕ್ತಿಯೆನಿಸುವುದೇ ಇಲ್ಲ.

ಆದರೆ ನನ್ನ ಪಾಲಿಗೆ ಈ ಶಬ್ದದ ನಿಜವಾದ ಪಾಠಶಾಲೆ ಸಾಗರದ ಸೀಮೆಯ ನಮ್ಮಜ್ಜಿಯ ಮನೆಯಂಗಳದಲ್ಲಿತ್ತು. ಬೇಸಗೆಯ ರಜೆಯಲ್ಲಿ ಅಲ್ಲಿ ಹಲಸಿನಕಾಯಿಯ ಹಪ್ಪಳದ ಕೆಲಸ. ಬಲಿತ ಕಾಯಿಯನ್ನು ಕೊಯ್ದು, ಮೇಣದ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಒರಳಿನಲ್ಲಿ ಹಾಕಿ ಮೆಣಸು ಉಪ್ಪುಗಳೊಡನೆ ಕುಟ್ಟುವಾಗ ಏಳುವ ಆ ಪರಿಮಳಕ್ಕೆ ನಾವು ಹುಡುಗರೆಲ್ಲರೂ ಒರಳಿನ ಸುತ್ತ ಸೇರುತ್ತಿದ್ದೆವು. ಬಿಸಿ ಹಿಟ್ಟಿಗೆ ಕೈಯಿಕ್ಕಿ ಬೆರಳು ಸುಟ್ಟುಕೊಂಡವನಿಗೆ ಅಜ್ಜಿ ಗದರುತ್ತಿರಲಿಲ್ಲ, ಗಾದೆಯೊಂದನ್ನು ಮಾತ್ರ ಹೇಳುತ್ತಿದ್ದರು: “ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಾಗದೆ?” ಈ ಗಾದೆಯನ್ನು ತಾಳ್ಮೆಯ ಉಪದೇಶವೆಂದು ಎಲ್ಲರೂ ಬಲ್ಲರು. ನನಗೆ ಅದರಲ್ಲಿ ಕಂಡದ್ದು ಇನ್ನೊಂದು ಸೂಕ್ಷ್ಮ. ಬೇಯುವವರೆಗಿನ ಕಾಯುವಿಕೆ ಕೆಲಸದಿಂದ ತುಂಬಿರುತ್ತದೆ: ಉರಿ ಹಾಕಬೇಕು, ಮುಚ್ಚಳ ತೆಗೆದು ನೋಡಬೇಕು, ಸೌಟು ತಿರುವಬೇಕು. ಆರುವವರೆಗಿನ ಕಾಯುವಿಕೆಯಲ್ಲಿ ಕೈಗೆ ಕೆಲಸವಿಲ್ಲ; ಇರುವುದು ಪರಿಮಳ ಮಾತ್ರ. ಜನ ಸೋಲುವುದು ಆ ಎರಡನೆಯ ಕಾಯುವಿಕೆಯಲ್ಲಿ ಎಂಬುದನ್ನು ಕಂಡುಕೊಂಡು ಅದಕ್ಕೊಂದು ಮಾತು ಕಟ್ಟಿದ ಹೆಂಗಸು ಯಾರೋ, ಯಾವ ಒಲೆಯ ಮುಂದೆ ಕುಳಿತಿದ್ದಳೋ! ಇದನ್ನು ಹೆಂಗಸೇ ಕಟ್ಟಿರಬೇಕೆಂಬುದರಲ್ಲಿ ನನಗೆ ಲವಲೇಶವೂ ಸಂಶಯವಿಲ್ಲ. ಉಣ್ಣಲು ಮಾತ್ರ ಬಂದು ಕೂರುವವನಿಗೆ ಬೇಯುವ ಕಾಲ ಬೇರೆ, ಆರುವ ಕಾಲ ಬೇರೆ ಎಂಬುದು ಹೊಳೆಯುವುದು ಹೇಗೆ?

ಹಿಟ್ಟು ಆರಿ, ಉಂಡೆಯಾಗಿ, ಎರಡು ಮಣೆಗಳ ನಡುವೆ ಒತ್ತಿಸಿಕೊಂಡು ಹಪ್ಪಳವಾಗಿ, ಅಂಗಳದ ಚಾಪೆಯ ಮೇಲೆ ಸಾಲಾಗಿ ಮಲಗಿದ ಮೇಲೆ ನಮ್ಮ ಉದ್ಯೋಗ ಆರಂಭವಾಗುತ್ತಿತ್ತು. “ಹೋಗಿ ಹಪ್ಪಳ ಕಾಯಿರಿ.” ಮಾವಿನ ಮರದ ನೆರಳಿನ ಅಂಚಿನಲ್ಲಿ ಉದ್ದದ ಕೋಲು ಹಿಡಿದು ಕೂರುವುದು, ಕಾಗೆ ಇಳಿದರೆ ಹೂಯ್ ಎನ್ನುವುದು, ನಡುಹಗಲಿಗೆ ಒಮ್ಮೆ ಒಂದೊಂದನ್ನೇ ಮಗುಚಿ ಹಾಕುವುದು. ಮೊದಲು ಅಂಚು ಮೇಲೇಳುತ್ತಿತ್ತು. ಆಮೇಲೆ ನಡುವಿನ ಬಣ್ಣ ತಿಳಿಯಾಗುತ್ತಿತ್ತು. ಅರೆ ಒಣಗಿದ ಹಪ್ಪಳವನ್ನು ಸುರುಳಿ ಸುತ್ತಿ ಕೊಬ್ಬರಿಯ ಚೂರಿನೊಡನೆ ಬಾಯಿಗಿಟ್ಟುಕೊಳ್ಳುವುದು ಕಾವಲುಗಾರರಿಗೆ ಸಲ್ಲುವ ಸಂಬಳವೆಂದು ಅಜ್ಜಿಯೂ ಒಪ್ಪಿಕೊಂಡಿದ್ದರು. ಆ ಅಂಗಳದಲ್ಲಿ ಚಾಪೆ ಕಾಯುತ್ತಿತ್ತು, ನಾವೂ ಕಾಯುತ್ತಿದ್ದೆವು. ಬಿಸಿಲು, ಕಾವಲು, ನಿರೀಕ್ಷೆ ಎಂದು ಅದನ್ನು ಬಿಡಿಸಿಡಬಹುದೆಂಬುದು ನನಗೆ ತಿಳಿದದ್ದು ಶಾಲೆಯ ವ್ಯಾಕರಣ ಓದಿದ ಮೇಲೆ.

ಅಂತಹ ಅಂಗಳದಿಂದ ಹೊರಟವನು ಸುಮಾರು ಅರವತ್ತು ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿಗೆ ಬಂದು ನೆಲೆಸಿದೆ. ಡಿಸೆಂಬರಿನ ಕೊನೆಯಲ್ಲಿ ಇಲ್ಲಿ ಹಗಲೆಂಬುದು ಆರು ಗಂಟೆಯಷ್ಟೂ ಇರುವುದಿಲ್ಲ. ಆ ಹಗಲಿನಲ್ಲಿಯೂ ಸೂರ್ಯನು ಮನೆಗಳ ಮಾಡಿನ ಮೇಲೆ ಒಂದು ಗೇಣು ಎದ್ದು, ಬಂದ ಕೆಲಸ ಮರೆತವನಂತೆ ಮರಳಿಬಿಡುತ್ತಾನೆ. ಮೊದಲ ವರ್ಷ ನನಗೆ ಈ ಜನ ಚಳಿಯನ್ನು ಹೇಗೆ ತಾಳುತ್ತಾರೆಂಬುದೇ ಆಶ್ಚರ್ಯ. ಮಾರ್ಚಿಯ ಒಂದು ಮಧ್ಯಾಹ್ನ ಅದರ ಗುಟ್ಟು ತಿಳಿಯಿತು. ನೆಲದಲ್ಲಿ ಇನ್ನೂ ಮೊಳಕಾಲುದ್ದ ಹಿಮವಿತ್ತು. ಹಳೆಯದೊಂದು ಮರದ ಮನೆಯ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು, ಕೋಟಿನ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ, ಗಲ್ಲವನ್ನು ಸೂರ್ಯನ ಕಡೆಗೆತ್ತಿ ಐದಾರು ಜನ ಸಾಲಾಗಿ ಕುಳಿತಿದ್ದರು. ಒಬ್ಬರಿಗೊಬ್ಬರು ಪರಿಚಯದವರಲ್ಲ, ಮಾತೂ ಇಲ್ಲ. ಒದ್ದೆಯಾದ ಹಲಗೆಗಳಿಂದ ತೆಳುವಾದ ಹಬೆ ಏಳುತ್ತಿತ್ತು. ಮಾಡಿನಿಂದ ಇಳಿಬಿದ್ದ ಮಂಜಿನ ಕಡ್ಡಿಗಳು ತೊಟ್ಟಿಕ್ಕುತ್ತಿದ್ದುವು. ನಾನೂ ಕೈಗವಸು ತೆಗೆದು ಆ ಹಲಗೆಯನ್ನು ಮುಟ್ಟಿ ನೋಡಿದೆ: ಹೊರಗೆ ನೀರು ಗಟ್ಟಿಯಾಗುವ ಚಳಿ, ಹಲಗೆ ಮಾತ್ರ ಅಜ್ಜಿಯ ಮನೆಯ ಬಚ್ಚಲೊಲೆಯ ಹಿಂದಿನ ಗೋಡೆಯಂತೆ ಬೆಚ್ಚಗಿತ್ತು.

ಈ ಗೋಡೆಗೆ ಅವರ ಭಾಷೆಯಲ್ಲಿ ಹೆಸರೇ ಉಂಟು. ‘ಸೂಲ್‌ವೆಗ್’ ಎನ್ನುತ್ತಾರೆ, ಬಿಸಿಲುಗೋಡೆ. ಈಸ್ಟರಿನ ರಜೆಯಲ್ಲಿ ಬೆಟ್ಟದ ಮೇಲಿನ ಗುಡಿಸಲುಗಳಿಗೆ ಹೋಗಿ, ಅಲ್ಲಿನ ಬಿಸಿಲುಗೋಡೆಗೆ ಒರಗಿ ಕಿತ್ತಳೆ ಹಣ್ಣು ಸುಲಿದು ತಿನ್ನುವುದು ಇಲ್ಲಿನವರಿಗೆ ಒಂದು ವ್ರತದಷ್ಟು ಮುಖ್ಯ. ಕಾಯುವುದು, ಕಾಯಿಸುವುದು, ಕಾವಲಿರುವುದು ಇವಕ್ಕೆ ಅವರಲ್ಲಿ ವೆಂತೆ, ವಾರ್ಮೆ, ವೊಕ್ತೆ ಎಂದು ಮೂರು ಬೇರೆ ಶಬ್ದಗಳಿವೆ. ಆದರೆ ಆ ಗೋಡೆಯ ಬುಡದಲ್ಲಿ ಅವರು ಮಾಡುತ್ತಿರುವುದು ನಮ್ಮ ಒಂದೇ ಶಬ್ದದ ಕೆಲಸ. ಚಳಿ ಕಾಯಿಸುವುದೆಂಬ ನಮ್ಮ ನುಡಿಗಟ್ಟಿನ ಸೊಗಸೂ ನನಗೆ ಅಂದೇ ಪೂರ್ತಿ ಹೊಳೆಯಿತು. ಅನ್ಯರು ಚಳಿಯನ್ನು ಓಡಿಸುತ್ತಾರೆ, ತಡೆಯುತ್ತಾರೆ. ಕನ್ನಡಿಗನು ಚಳಿಯನ್ನೇ ಒಲೆಯ ಮುಂದೆ ಕೂರಿಸಿಕೊಂಡು, ನೀರು ಕಾಯಿಸುವಂತೆ, ಹಾಲು ಕಾಯಿಸುವಂತೆ, ಕಾಯಿಸುತ್ತಾನೆ.

ಇದೇ ದೇಶದ ಟೆಲೆಮಾರ್ಕ್ ಸೀಮೆಯಲ್ಲಿ ರ್ಯುಕಾನ್ ಎಂಬ ಕಣಿವೆಯ ಊರೊಂದಿದೆ. 1883 ಮೀಟರ್ ಎತ್ತರದ ಗೌಸ್ತಾತೊಪ್ಪೆನ್ ಶಿಖರದ ನೆರೆಯ ಆ ಆಳವಾದ ಕಣಿವೆಗೆ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ನೇರ ಬಿಸಿಲು ಬೀಳುವುದಿಲ್ಲ. ಅಲ್ಲಿನ ಜಲಪಾತದ ವಿದ್ಯುತ್ತನ್ನು ನೆಚ್ಚಿ ಕಾರ್ಖಾನೆ ಕಟ್ಟಿದ ನೊರ್ಸ್ಕ್ ಹೈಡ್ರೊ ಸಂಸ್ಥೆಯು 1928ರಲ್ಲಿ ಒಂದು ತೂಗುತೊಟ್ಟಿಲ ಬಂಡಿಯನ್ನು ಕಟ್ಟಿಸಿಕೊಟ್ಟಿತು. ಜನ ಬೆಟ್ಟದ ಮೇಲೇರಿ ಒಂದಿಷ್ಟು ಬಿಸಿಲು ಕಾಯಿಸಿಕೊಂಡು ಬರಲೆಂದೇ! ಕನ್ನಡಿಯಿಟ್ಟು ಬಿಸಿಲನ್ನು ಊರೊಳಕ್ಕೆ ತಿರುಗಿಸಬಹುದೆಂಬ ಕಲ್ಪನೆ ಅಲ್ಲಿ 1913ರಲ್ಲಿಯೇ ಹುಟ್ಟಿತ್ತು. ಅದು ಕೈಗೂಡಿದ್ದು 2013ರಲ್ಲಿ. ಕಣಿವೆಯಿಂದ 450 ಮೀಟರ್ ಮೇಲೆ ತಲಾ 17 ಚದರ ಮೀಟರಿನ ಮೂರು ಕನ್ನಡಿಗಳು ನಿಂತು, ಗಣಕಯಂತ್ರದ ಆಣತಿಯಂತೆ ಸೂರ್ಯನನ್ನು ಹಿಂಬಾಲಿಸುತ್ತ, ಊರಿನ ಚೌಕಕ್ಕೆ ಬೆಳಕನ್ನು ಇಳಿಸುತ್ತವೆ. ಒಂದು ಊರಿಗೆ ಊರೇ ನೂರು ವರ್ಷ ಕಾದು, ಆಮೇಲೆ ಬಿಸಿಲು ಕಾಯಿಸಿತು! ಈ ವಾಕ್ಯವನ್ನು ‘ವೆಯ್ಟ್ ಮಾಡಿ’ ಎಂದು ಬರೆದು ನೋಡಿ. ನೂರು ವರ್ಷವೂ ಬಸ್ಸಿನ ನಿಲ್ದಾಣದ ಹತ್ತು ನಿಮಿಷವಾಗಿಬಿಡುತ್ತದೆ.

ಟ್ರಾಮಿನ ಆ ತರುಣಿಯನ್ನು ನಾನು ದೂರುವುದಿಲ್ಲ. ಶಬ್ದವನ್ನು ಸೀಳಿದವಳು ಅವಳಲ್ಲ. ಅವಳ ಅಡಿಗೆಮನೆಯ ಯಂತ್ರ. ಒಲೆಯ ಮೇಲಿಟ್ಟ ಹಾಲಿಗೆ ಕಾವಲು ಬೇಕು: ಅಂಚಿನಲ್ಲಿ ಗುಳ್ಳೆ ಏಳುವುದನ್ನು, ಕೆನೆ ನಡುಗುವುದನ್ನು, ಒಮ್ಮೆಗೇ ಗೋಪುರವಾಗಿ ಏಳುವುದನ್ನು ಕಣ್ಣಿಟ್ಟು ನೋಡುತ್ತಿರಬೇಕು, ಕಣ್ಣು ತಪ್ಪಿದರೆ ಒಲೆಯೆಲ್ಲ ಹಾಲು. ಹಾಲು ಕಾಯುವುದಕ್ಕೂ ಹಾಲನ್ನು ಕಾಯುವುದಕ್ಕೂ ಅಲ್ಲಿ ವ್ಯತ್ಯಾಸವೇ ಇಲ್ಲ. ಮೈಕ್ರೋವೇವ್ ಪೆಟ್ಟಿಗೆಯೊಳಗಿಟ್ಟ ಲೋಟವನ್ನಾದರೋ ಯಾರೂ ಕಾಯಬೇಕಾಗಿಲ್ಲ. ಅದು ಗಂಟೆ ಬಾರಿಸಿ ಕರೆಯುತ್ತದೆ. ಹೀಗೆ ಕಾಯಿಸುವುದರಿಂದ ಕಾಯುವುದು ಬೇರೆಯಾಯಿತು, ಎರಡೂ ಒಂಟಿಯಾದವು, ಒಂಟಿಯಾದವುಗಳನ್ನು ನೂಕಿ ಅವುಗಳ ಜಾಗದಲ್ಲಿ ಬೇರೊಂದನ್ನು ಕೂರಿಸುವುದು ಕಷ್ಟವೇನಲ್ಲ. ನಾನಂತೂ ಈಗಲೂ ಪುಟ್ಟ ಪಾತ್ರೆಯಲ್ಲಿ ಹಾಲಿಟ್ಟು ಒಲೆಯ ಮುಂದೆಯೇ ನಿಲ್ಲುತ್ತೇನೆ. ಊರಿನಿಂದ ತಂಗಿ ಕಳಿಸಿದ ಕಾಫಿಪುಡಿಯ ಡಿಕಾಕ್ಷನ್ ಪಕ್ಕದಲ್ಲಿ ತೊಟ್ಟುತೊಟ್ಟಾಗಿ ಇಳಿಯುತ್ತಿರುತ್ತದೆ. ಕಿಟಕಿಯ ಹೊರಗೆ ಹಿಮ. ದಿನದ ನಾಲ್ಕು ನಿಮಿಷದ ಆ ನಿಲುವಿಗಿಂತ ಹೆಚ್ಚಿನ ಸುಖವನ್ನು ನಾನು ಈ ದೇಶದಲ್ಲಿ ಬಯಸಿದವನೇ ಅಲ್ಲ.

ಏಪ್ರಿಲಿನಲ್ಲಿ ಆ ಕಾಫಿಯನ್ನು ಫ್ಲಾಸ್ಕಿಗೆ ತುಂಬಿಕೊಂಡು ಬಿಸಿಲುಗೋಡೆಗೆ ಹೋದೆ. ಅಜ್ಜಿಯ ಗಾದೆಯ ಉತ್ತರಾರ್ಧ ಮಾತ್ರ ಇಲ್ಲಿ ನಡೆಯುವುದಿಲ್ಲ. ಲೋಟಕ್ಕೆ ಬಗ್ಗಿಸುವಷ್ಟರಲ್ಲಿ ಕಾಫಿ ಆರಿಯೇ ಬಿಡುತ್ತದೆ. ಬೆಂಚಿನಲ್ಲಿದ್ದ ನೆರೆಮನೆಯ ವೃದ್ಧೆ ಸರಿದು ಸ್ಥಳ ಕೊಟ್ಟು, ಇದಕ್ಕೆ ನಿಮ್ಮವರು ಏನೆನ್ನುತ್ತಾರೆ ಎಂದು ಕೇಳಿದರು. ಬಿಸಿಲು ಕಾಯಿಸುವುದು ಎಂದೆ. ಆಕೆ ಎರಡು ಮೂರು ಸಲ ನಾಲಗೆಯ ಮೇಲೆ ಹೊರಳಿಸಿ ನೋಡಿ, ಹಾಗೆಂದರೇನೆಂದರು. ನನಗೆ ಬರುವಷ್ಟು ಅವರ ಭಾಷೆಯಲ್ಲಿ ಮೂರು ಅರ್ಥಗಳನ್ನೂ ವಿವರಿಸಿ, ಅಟ್ಟಣೆಯ ರೈತನ ಕಥೆಯನ್ನೂ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ ಆಕೆ ಎದುರಿನ ಅಂಗಡಿಯ ಬಾಗಿಲ ಕಡೆಗೆ ಬೆರಳು ತೋರಿಸಿದರು. ಒಳಗೆ ಹೋದ ಯಜಮಾನನು ಮೆಟ್ಟಿಲ ಮೇಲೆ ಇಟ್ಟು ಹೋದ ಚೀಲದ ಪಕ್ಕದಲ್ಲಿ, ಮೆಟ್ಟಿಲಿನಷ್ಟೇ ಅಗಲದ ಬಿಸಿಲಿನಲ್ಲಿ, ಮುದಿ ನಾಯಿಯೊಂದು ಬಾಗಿಲನ್ನೇ ನೋಡುತ್ತ ಮಲಗಿತ್ತು.