ಕ್ಷಯದಂತೆ ಕಾಣುವ ಜ್ವರ: ರಂಗೂನಿನಿಂದ ಕರಾವಳಿಗೆ

ಜಹೀರಾಬಾದ್, ನಾರಾಯಣಖೇಡ್‌ಗಳು 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳು, ತಾಂಡೂರು ಕಲಬುರಗಿಯದು. ಈಗ ಮೂರೂ ತೆಲಂಗಾಣದಲ್ಲಿವೆ, ಆದರೂ ಸಂತೆಯಲ್ಲಿ ಕನ್ನಡ ಕೇಳಿಸುತ್ತದೆ. ನಮ್ಮ ಕಾಕ ಜಹೀರಾಬಾದಿನಲ್ಲಿ ಹೋಟೆಲ್ ನಡೆಸುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಒಂದು ಮಳೆಗಾಲ ಊರಿಗೆ ಬಂದು ಗದ್ದೆ, ತೋಟ ಸುತ್ತಿ ಹೋದವರಿಗೆ ಜ್ವರ, ಕೆಮ್ಮು ಹಿಡಿಯಿತು. ಎಕ್ಸ್‌ರೇ ನೋಡಿ ಕ್ಷಯವೆಂದು ಮಾತ್ರೆ ಶುರುಮಾಡಿದರು, ಜ್ವರ ಇಳಿಯಲಿಲ್ಲ. ಊರಿಗೆ ಕರೆತಂದು ರಕ್ತದ ಕಲ್ಚರ್ ಮಾಡಿಸಿದಾಗ ನಾವು ಕೇಳರಿಯದ ಹೆಸರು ಬಂತು: ಮೆಲಿಯಾಯ್ಡೋಸಿಸ್. ಸರಿಯಾದ ಮದ್ದು ಸಿಕ್ಕಿ ಅವರು ಉಳಿದರು. ಈ ಕಾಯಿಲೆಯ ಚರಿತ್ರೆ ನಾನು ಓದಿದ್ದು ಆಮೇಲೆ.

ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಭಾಗ. ರಂಗೂನಿನಲ್ಲಿ ಸತ್ತ ಬಡವರ, ಮಾರ್ಫಿನ್ ಚಟದವರ ಶವಪರೀಕ್ಷೆ ಮಾಡುತ್ತಿದ್ದ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಶ್ವಾಸಕೋಶದಲ್ಲಿ ವಿಚಿತ್ರ ನ್ಯುಮೋನಿಯಾ, ಪಿತ್ತಜನಕಾಂಗ ಮತ್ತು ಗುಲ್ಮದಲ್ಲಿ ಕೀವಿನ ಗಡ್ಡೆಗಳನ್ನು ಕಂಡರು. ಕುದುರೆಗಳ ಗ್ಲಾಂಡರ್ಸ್ ರೋಗದ ಕ್ರಿಮಿಯನ್ನು ಹೋಲುವ, ಆದರೆ ಚಲಿಸಬಲ್ಲ ಹೊಸ ಕ್ರಿಮಿ ಅದು. 1912ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಮೆಲಿಯಾಯ್ಡೋಸಿಸ್ ಎಂಬ ಹೆಸರು ಬಂದದ್ದು 1921ರಲ್ಲಿ, ಮಲಯಾದ ಸ್ಟಾಂಟನ್ ಮತ್ತು ಫ್ಲೆಚರ್ ಅವರಿಂದ.

ಈ ಕ್ರಿಮಿ ಮಣ್ಣು, ನೀರಿನಲ್ಲೇ ಬದುಕುತ್ತದೆ. ಕಾಲಿನ ಗಾಯದಿಂದ, ಮಳೆಗಾಳಿಯ ಉಸಿರಿನಿಂದ ಒಳಸೇರುತ್ತದೆ. ಗಟ್ಟಿಮುಟ್ಟಾದವರಲ್ಲಿ ಹೆಚ್ಚಾಗಿ ಏನೂ ಆಗದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರನ್ನು ಹಿಡಿದರೆ ಬಿಡದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಬರೆದ ಪ್ರಕರಣಗಳಲ್ಲೂ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಹೆಚ್ಚಿನವು ಮಳೆಗಾಲದವು. ಅಂದರೆ ಇದು ನಮ್ಮದೇ ಮಣ್ಣಿನ ರೋಗ.

ವಿಟ್ಮೋರ್ ಕಾಲದಲ್ಲಿ ಬದುಕಿ ಉಳಿದವರು ಅಪರೂಪ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ. 1989ರಲ್ಲಿ ಥಾಯ್ಲೆಂಡಿನ ಅಧ್ಯಯನವೊಂದು ಸೆಫ್ಟಾಜಿಡೀಮ್ ಚುಚ್ಚುಮದ್ದಿನಿಂದ ತೀವ್ರ ರೋಗಿಗಳ ಸಾವು ಶೇ. 74ರಿಂದ 37ಕ್ಕೆ ಇಳಿದದ್ದನ್ನು ತೋರಿಸಿತು. ಚುಚ್ಚುಮದ್ದು ಮುಗಿದ ಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು. ನಡುವೆ ಬಿಟ್ಟರೆ ರೋಗ ಮರಳಬಹುದು. 2016ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1,65,000 ಮಂದಿಗೆ ಇದು ತಗಲುತ್ತದೆ, 89,000 ಮಂದಿ ಸಾಯುತ್ತಾರೆ.

ನಮ್ಮವರು ಗಲ್ಫ್‌ನಲ್ಲಿದ್ದಾರೆ, ಮುಂಬೈಯಲ್ಲಿದ್ದಾರೆ, ತಾಂಡೂರಿನಂಥ ಒಣನೆಲದ ಪೇಟೆಗಳಲ್ಲೂ ಇದ್ದಾರೆ. ಅಲ್ಲಿನ ಡಾಕ್ಟರಿಗೆ ಕರಾವಳಿಯ ಮಣ್ಣು ನೆನಪಾಗಬೇಕೆಂದಿಲ್ಲ, ನಾವೇ ಹೇಳಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಜ್ವರ, ಕೆಮ್ಮು ಬಂದು ಇಳಿಯದಿದ್ದರೆ, ಮಳೆಗಾಲದಲ್ಲಿ ಊರಿಗೆ ಹೋಗಿದ್ದೆವೆಂದು ತಿಳಿಸಿ, ಕಲ್ಚರ್ ಪರೀಕ್ಷೆ ಬೇಕೇ ಎಂದು ಕೇಳಿ. ಗದ್ದೆಗಿಳಿಯುವಾಗ ಬೂಟು ಹಾಕಿಸಿ, ಗಾಯ ಮುಚ್ಚಿಸಿ.