ಪ್ರಾಸ್ಟೇಟ್ ಕ್ಯಾನ್ಸರ್: ಪತ್ತೆ ಮತ್ತು ರೋಗಿಯ ಜೀವನದ ಗುಣಮಟ್ಟ

ಪ್ರಾಸ್ಟೇಟ್ ಕ್ಯಾನ್ಸರ್ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ ರೋಗ. ಹೆಚ್ಚಾಗಿ ಕಂಡುಬರುವುದು ಐವತ್ತು ದಾಟಿದವರಲ್ಲಿ. ಆರಂಭದಲ್ಲಿ ಬಹುಪಾಲು ಲಕ್ಷಣಗಳಿರುವುದಿಲ್ಲ.

ಪತ್ತೆ: ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನ್) ಪರೀಕ್ಷೆ, ಗುದದ್ವಾರದ ಮೂಲಕ ಬೆರಳಿನ ತಪಾಸಣೆ, ಎಂಆರ್‌ಐ ಮುಖ್ಯ ವಿಧಾನಗಳು. ಸೋಂಕು ಅಥವಾ ಸಾಮಾನ್ಯ ಊತದಿಂದಲೂ ಪಿಎಸ್‌ಎ ಏರುವುದರಿಂದ, ಖಚಿತ ನಿರ್ಣಯಕ್ಕೆ ಬಯಾಪ್ಸಿ (ಅಂಗಾಂಶದ ಪರೀಕ್ಷೆ) ಬೇಕು. ಅಂಗಾಂಶದಲ್ಲಿ ಕಾಣುವ ಕ್ಯಾನ್ಸರಿನ ತೀವ್ರತೆಯನ್ನು ಗ್ಲೀಸನ್ ಅಂಕ ಸೂಚಿಸುತ್ತದೆ.

ಜೀವನದ ಗುಣಮಟ್ಟ: ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ ರೋಗ ಗ್ರಂಥಿಗೆ ಸೀಮಿತವಾಗಿದ್ದ 1,643 ರೋಗಿಗಳನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿತು. 2023ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಫಲಿತಾಂಶದಂತೆ, ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪುಗಳಲ್ಲಿ ಶೇ. 3ರ ಆಸುಪಾಸು ಮಾತ್ರ. ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರಿಕೆ, ಲೈಂಗಿಕ ತೊಂದರೆ ಹೆಚ್ಚು. ವಿಕಿರಣದ ನಂತರ ಕರುಳಿನ ತೊಂದರೆ. ಹಾಗಾಗಿ ರೋಗ ಗ್ರಂಥಿಗೆ ಸೀಮಿತವಾಗಿದ್ದಾಗ ಚಿಕಿತ್ಸೆಯ ಆಯ್ಕೆಯಲ್ಲಿ ರೋಗಿಯ ಮಾತಿಗೆ ಬೆಲೆ ಸಿಗಲೇಬೇಕು.

ಕರ್ನಾಟಕದಲ್ಲಿ: 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಕ್ಯಾನ್ಸರ್ ಕೇಂದ್ರ, ನಗರದ ಕ್ಯಾನ್ಸರ್ ನೋಂದಣಿಯೂ ಅಲ್ಲಿಯದೇ. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಭತ್ತದ ಸೀಮೆಯ ಊರುಗಳಿಗೆ ಬೆಂಗಳೂರು ದೂರ. ಹಾಗಾಗಿ ಅಲ್ಲಿನವರು ರಾತ್ರಿ ನಾಲ್ಕಾರು ಬಾರಿ ಮೂತ್ರಕ್ಕೆ ಏಳುವುದು, ಮೂತ್ರದಲ್ಲಿ ರಕ್ತ, ಬಿಡದ ಬೆನ್ನುನೋವು ಕಂಡರೆ ವಯಸ್ಸಿನ ತೊಂದರೆಯೆಂದು ಸುಮ್ಮನಿರದೆ, ಸಂಕೋಚ ಬಿಟ್ಟು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು.