ಗುಂಡಿಗೆಗೊಂದು ಊರುಗೋಲು

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಗುಂಡಿಗೆಯ ಯಂತ್ರದ ಗೊಡವೆಯೇಕೆಂದು ಓದುಗರು ಕೇಳಬಹುದು. ೨೦೧೦ರಲ್ಲಿ ನನ್ನ ಸೋದರಮಾವನವರಿಗೆ ಹೃದಯಾಘಾತವಾದಾಗ ಅವರ ಮಂಚದ ಪಕ್ಕದಲ್ಲಿ ಯಂತ್ರವೊಂದು ಎರಡು ಹಗಲು, ಎರಡು ರಾತ್ರಿ ಎಡೆಬಿಡದೆ ಮಿಡಿಯುತ್ತಿತ್ತು. ಮೂರನೆಯ ದಿನ ಅದನ್ನು ನಿಲ್ಲಿಸಿದರು, ಮಾವನವರು ಉಳಿಯಲಿಲ್ಲ. "ಅದರಿಂದ ಏನಾದರೂ ಪ್ರಯೋಜನವಾಯಿತೇನಪ್ಪಾ?" ಎಂದು ಅತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಅರಸುತ್ತ ಹೋದಾಗ ದೊರೆತ ಚರಿತ್ರೆಯಿದು.

ಹೃದಯಾಘಾತದಲ್ಲಿ ಗುಂಡಿಗೆಯ ಸ್ನಾಯು ಬಹಳವಾಗಿ ಕೆಟ್ಟರೆ ಅದು ರಕ್ತವನ್ನು ಒತ್ತಿ ಕಳುಹಿಸಲಾರದು. ರಕ್ತದ ಒತ್ತಡ ಇಳಿಯುತ್ತದೆ. ಗುಂಡಿಗೆಯನ್ನು ಪೋಷಿಸುವ ನಾಳಗಳಿಗೇ ರಕ್ತ ಸಾಲದೆ ಅದು ಇನ್ನಷ್ಟು ಸೋಲುತ್ತದೆ. ೧೯೬೦ರ ದಶಕದಲ್ಲಿ ಈ ಸುಳಿಗೆ ಸಿಕ್ಕಿದವರಲ್ಲಿ ಬಹುಪಾಲು ಮಂದಿ ಬದುಕುತ್ತಿರಲಿಲ್ಲ.

೧೯೬೨ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೌಲೊಪೌಲಸ್, ಟೋಪಾಜ್, ಕೋಲ್ಫ್ ಎಂಬ ಮೂವರು ಒಂದು ಉಪಾಯವನ್ನು ಪ್ರಕಟಿಸಿದರು. ಉದ್ದನೆಯ ಬಲೂನೊಂದನ್ನು ಮಹಾಧಮನಿಯೊಳಗೆ ಇರಿಸುವುದು. ಗುಂಡಿಗೆ ಸಡಿಲಗೊಂಡಾಗ ಅದು ಉಬ್ಬಿ, ಗುಂಡಿಗೆಯ ನಾಳಗಳ ಕಡೆಗೆ ರಕ್ತವನ್ನು ತಳ್ಳಬೇಕು. ಗುಂಡಿಗೆ ಬಿಗಿಯುವ ಮುನ್ನ ಕುಗ್ಗಿ, ಅದರ ಹೊರೆಯನ್ನು ಇಳಿಸಬೇಕು. ಗುಂಡಿಗೆಯ ಕೆಲಸವನ್ನು ತಾನೇ ಮಾಡುವ ಯಂತ್ರವಲ್ಲ ಅದು, ಬರಿಯ ಊರುಗೋಲು.

ನ್ಯೂಯಾರ್ಕಿನ ಶಸ್ತ್ರವೈದ್ಯ ಏಡ್ರಿಯನ್ ಕ್ಯಾಂಟ್ರೊವಿಟ್ಸ್ ಭೌತವಿಜ್ಞಾನಿಯಾದ ತಮ್ಮ ಸಹೋದರ ಆರ್ಥರ್ ಅವರೊಡನೆ ಇದೇ ತತ್ತ್ವವನ್ನು ೧೯೫೩ರಷ್ಟು ಹಿಂದೆಯೇ ಪ್ರಯೋಗಗಳಿಂದ ಪರೀಕ್ಷಿಸಿದ್ದರು. ೧೯೬೭ರಲ್ಲಿ ಬ್ರೂಕ್ಲಿನ್ನಿನ ಮೈಮೊನಿಡೀಸ್ ಆಸ್ಪತ್ರೆಯಲ್ಲಿ, ಔಷಧಕ್ಕೆ ಬಗ್ಗದ ಸ್ಥಿತಿಯಲ್ಲಿದ್ದ ೪೫ ವರ್ಷದ ಹೆಂಗಸೊಬ್ಬಳಿಗೆ ತೊಡೆಯ ಧಮನಿಯ ಮೂಲಕ ಇಂಥ ಬಲೂನನ್ನು ಏರಿಸಿದರು. ಹಗುರವಾದ ಹೀಲಿಯಂ ಅನಿಲ ಅದನ್ನು ಕೆಲವು ಗಂಟೆಗಳ ಕಾಲ ಉಬ್ಬಿಸಿ ಇಳಿಸಿತು. ಆಕೆ ಚೇತರಿಸಿಕೊಂಡು ಮನೆಗೆ ಹೋದಳು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ೧೯೭೩ರಲ್ಲಿ ಹಲವು ಆಸ್ಪತ್ರೆಗಳು ಕೂಡಿ ಲೆಕ್ಕವೊಪ್ಪಿಸಿದವು: ಬಲೂನು ಹಾಕಿದ ೮೭ ರೋಗಿಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವರು ೧೫ ಮಂದಿ. ಬಲೂನಿಲ್ಲದೆಯೂ ಅವರು ಬದುಕುತ್ತಿದ್ದರೆ? ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆದರೂ ಯಂತ್ರ ದೇಶದೇಶಗಳಿಗೆ ಹರಡಿತು. ಸಾಯುತ್ತಿರುವವರ ಮನೆಯವರ ಮುಂದೆ ನಿಂತು, ಯಂತ್ರವಿದ್ದೂ ಹಾಕುವುದಿಲ್ಲವೆನ್ನಲು ಯಾರಿಗೆ ತಾನೇ ಬಾಯಿ ಬಂದೀತು? ಕರುಣೆಯೇ ಪರೀಕ್ಷೆಯನ್ನು ಮುಂದೂಡಿತೆಂದು ನನಗೆ ತೋರುತ್ತದೆ.

ಕೊನೆಗೆ ಆ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡವರು ಹೋಲ್ಗರ್ ಥೀಲೆ ಮತ್ತು ಇತರ ಜರ್ಮನ್ ವೈದ್ಯರು. ೬೦೦ ರೋಗಿಗಳನ್ನು, ಚೀಟಿ ಎತ್ತಿದ ಹಾಗೆ, ಎರಡು ಪಾಲು ಮಾಡಿದರು. ಹೃದಯದ ಮುಚ್ಚಿದ ನಾಳಗಳನ್ನು ಬೇಗನೆ ತೆರೆಯುವ ಚಿಕಿತ್ಸೆ ಇಬ್ಬರಿಗೂ ಉಂಟು. ಬಲೂನು ಒಂದು ಪಾಲಿನವರಿಗೆ ಮಾತ್ರ. ೨೦೧೨ರಲ್ಲಿ ಫಲಿತಾಂಶ ಬಂದಿತು. ೩೦ ದಿನಗಳೊಳಗೆ ತೀರಿಕೊಂಡವರು ಬಲೂನು ಇದ್ದವರಲ್ಲಿ ಶೇಕಡ ೩೯.೭, ಇಲ್ಲದವರಲ್ಲಿ ಶೇಕಡ ೪೧.೩. ಅದು ಗಣನೆಗೆ ಬಾರದ ಅಂತರ. ಇಂಥ ರೋಗಿಗಳಿಗೆಲ್ಲ ವಾಡಿಕೆಯಾಗಿ ಬಲೂನು ಹಾಕುವ ಪದ್ಧತಿ ಆಮೇಲೆ ಹಿಂದೆ ಸರಿಯಿತು. ಕ್ಯಾಂಟ್ರೊವಿಟ್ಸ್ ೨೦೦೮ರಲ್ಲೇ ಗತಿಸಿದ್ದರು.

ಅವರನ್ನು ಹಳಿಯುವ ಅಧಿಕಾರ ನನಗಿಲ್ಲ. ಸೋತ ಗುಂಡಿಗೆಯನ್ನು ಯಂತ್ರದಿಂದ ಎತ್ತಿಹಿಡಿಯಬಹುದೆಂಬ ಧೈರ್ಯವನ್ನು ಕೊಟ್ಟವರಲ್ಲಿ ಅವರೊಬ್ಬರು. ಆದರೆ ಆ ಧೈರ್ಯದಷ್ಟೇ ದೊಡ್ಡದು, ನಾಲ್ಕು ದಶಕಗಳ ನಂಬಿಕೆಯನ್ನು ತಕ್ಕಡಿಗಿಟ್ಟವರ ಧೈರ್ಯ. ತಮಗೆ ಯಾವ ಪಾಲು ಬರುವುದೋ ತಿಳಿಯದೆ ಆ ತಕ್ಕಡಿಯಲ್ಲಿ ಕುಳಿತ ರೋಗಿಗಳ ಋಣವೂ ನಮ್ಮ ಮೇಲಿದೆ.

ಅತ್ತೆ ಕೇಳಿದ ದಿನ ಉತ್ತರ ತಿಳಿಯದವನು ನಾನೊಬ್ಬನೇ ಅಲ್ಲ. ಖಚಿತವಾಗಿ ಹೇಳಬಲ್ಲವರು ಲೋಕದಲ್ಲೇ ಯಾರೂ ಇರಲಿಲ್ಲ. ಜರ್ಮನಿಯಲ್ಲಿ ಚೀಟಿ ಎತ್ತುತ್ತಿದ್ದುದೂ ಆ ವರ್ಷಗಳಲ್ಲೇ. ಮೊನ್ನೆ ಇದನ್ನೆಲ್ಲ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಮುಂದಿನವರಿಗಾದರೂ ಗೊತ್ತಾಯಿತಲ್ಲ" ಎಂದರು.